ಮುಚ್ಚೋಕೆ ಮುಂಚೆ ಇಳಿದು ನೋಡ್ಬೇಕು

ಬಸ್ಸಿನ ಹಿಂದಿನ ಚಕ್ರ ಚರಂಡಿ ಸ್ಲ್ಯಾಬ್ ಒಡ್ಕೊಂಡು ಒಳಗಿಳಿದು ನಿಂತಿರೋ ಫೋಟೋ ಒಂದು ನನ್ ಫೋನಲ್ಲಿದೆ. ಮೂರು ಫೋನ್ ಬದಲಾಯ್ತು, ಪ್ರತಿ ಸಲ ಬೇರೆ ಏನ್ ಹೋದ್ರೂ ಪರ್ವಾಗಿಲ್ಲ ಇದೊಂದು ಬಂದಿದ್ಯಾ ಅಂತ ಮೊದ್ಲು ನೋಡ್ಕೋತೀನಿ. ಅವತ್ತು ಯಾರಿಗೂ ಏನೂ ಆಗ್ಲಿಲ್ಲ, ಜನನೆಲ್ಲ ಇಳ್ಸಿ ಕ್ರೇನ್ ತರ್ಸಿ ಎತ್ತಿದ್ರು, ಪೇಪರಲ್ಲೂ ಬರ್ಲಿಲ್ಲ. ಆದ್ರೆ ಆ ಸ್ಲ್ಯಾಬ್ ಹಾಕೋಕೆ ಮುಂಚೆ "ನೋಡಿದ್ದೀನಿ, ಸರಿ ಇದೆ" ಅಂತ ಸೈನ್ ಹಾಕಿದ್ದು ನಾನು. ನಾನು ನೋಡಿರ್ಲಿಲ್ಲ. ಆ ವಿಷ್ಯ ಆಮೇಲೆ ಹೇಳ್ತೀನಿ.

ಈಗ ಇದನ್ನ ಬರೀತಿರೋದು ನಮ್ಮಕ್ಕನ ಮಗನಿಂದ. ಮದ್ದೂರಿನವನು, ಮಂಡ್ಯದಲ್ಲೇ ಸಿವಿಲ್ ಬಿಇ ಮುಗಿಸ್ದ, ಕಂಟ್ರಾಕ್ಟರ್ ಕಟ್ಟೋದನ್ನ ಮೇಲ್ವಿಚಾರಣೆ ಮಾಡೋ ಒಂದು ಕನ್ಸಲ್ಟೆನ್ಸಿ ಕಂಪ್ನೀಲಿ ಕೆಲ್ಸ ಸಿಕ್ಕಿದೆ, ಸೈಟ್ ಇರೋದು ಮೈಸೂರಲ್ಲಿ. ಹೋದ ಭಾನುವಾರ ಮನೆಗ್ ಬಂದು ಊಟ ಆದ್ಮೇಲೆ ಜಗಲಿ ಮೇಲೆ ಕೂತ್ಕೊಂಡು ಮೆಲ್ಲಗೆ ಕೇಳ್ದ, "ಮಾವ, ಕಟ್ಟೋರು ಕಂಟ್ರಾಕ್ಟರು, ದುಡ್ ಕೊಡೋದು ಸರ್ಕಾರ, ಮಧ್ಯದಲ್ಲಿ ನಮ್ದೇನ್ ಕೆಲ್ಸ? ನನ್ ಫ್ರೆಂಡ್ಸೆಲ್ಲ ಕಂಟ್ರಾಕ್ಟರ್ ಕಡೆ ಸೇರ್ಕೊಂಡವ್ರೆ, ನೀನು ಬರೀ ಫೈಲ್ ಹಿಡ್ಕೊಂಡು ಓಡಾಡ್ಬೇಕಾಯ್ತದೆ ಅಂತವ್ರೆ." ನಾನು ಹದಿನಾರು ವರ್ಷದಿಂದ ಇದೇ ಕೆಲ್ಸ ಮಾಡ್ಕೊಂಡ್ ಬಂದಿರೋನು, ಬಸ್ ಸ್ಟ್ಯಾಂಡು, ಡಿಪೋ, ರೈಲ್ವೆ ಗೇಟ್ ಮೇಲಿನ ಓವರ್‌ಬ್ರಿಡ್ಜು, ಸ್ಟೇಷನ್ ಫುಟ್‌ಬ್ರಿಡ್ಜು ಎಲ್ಲಾ ಕಡೆ ನಿಂತಿದ್ದೀನಿ, ಆದ್ರೂ ಅವ್ನಿಗೆ ಒಂದೇ ಮಾತಲ್ಲಿ ಉತ್ರ ಕೊಡೋಕೆ ಆಗ್ಲಿಲ್ಲ. ರಾತ್ರಿ ನಿದ್ದೆ ಬರ್ದೆ ಕೂತ್ಕೊಂಡು ಟೈಪ್ ಮಾಡ್ತಿದೀನಿ, ಅವ್ನಿಗೂ ಆಯ್ತು, ಅವ್ನಂಗೆ ಹೊಸದಾಗಿ ಸೇರ್ಕೊಳೋ ಮಕ್ಳಿಗೂ ಆಯ್ತು.

ಮೊದ್ಲು ವ್ಯವಸ್ಥೆ ಹೆಂಗಿರುತ್ತೆ ಅಂತ ಹೇಳ್ಬಿಡ್ತೀನಿ, ಗೊತ್ತಿರೋರು ಮುಂದಿನ ಪ್ಯಾರಾಗೆ ಹೋಗಿ. ಕೆಲ್ಸ ಮಾಡ್ಸೋ ಇಲಾಖೇಲಿ ಇಂಜಿನಿಯರ್‌ಗಳು ಇದ್ದೇ ಇರ್ತಾರೆ, ಆದ್ರೆ ಒಬ್ಬೊಬ್ರ ತಲೆ ಮೇಲೆ ಎಷ್ಟೋ ಕೆಲ್ಸ, ಒಂದು ಸೈಟಲ್ಲಿ ಬೆಳಗಿಂದ ಸಂಜೆವರ್ಗೂ ನಿಲ್ಲೋಕೆ ಅವ್ರಿಗೆ ಆಗಲ್ಲ. ಅದಕ್ಕೆ ಕಂಟ್ರಾಕ್ಟರಿಗೆ ಒಂದು ಟೆಂಡರ್ ಕರ್ದಂಗೆ ಮೇಲ್ವಿಚಾರಣೆಗೂ ಬೇರೆ ಟೆಂಡರ್ ಕರೀತಾರೆ, ಅದ್ರಲ್ಲಿ ಬರೋರೇ ನಾವು. ಬಿಲ್ಡಿಂಗ್ ಕೆಲ್ಸದಲ್ಲಿ ಪಿಎಂಸಿ, ಅಂದ್ರೆ ಪ್ರಾಜೆಕ್ಟ್ ಮ್ಯಾನೇಜ್ಮೆಂಟ್ ಕನ್ಸಲ್ಟೆಂಟ್ ಅಂತಾರೆ, ಮೆಟ್ರೋಲಿ ಜನರಲ್ ಕನ್ಸಲ್ಟೆಂಟ್ ಅಂತಾರೆ, ಹೈವೇಲಿ ಕಾಂಟ್ರಾಕ್ಟ್ ಯಾವ ತರದ್ದು ಅನ್ನೋದ್ರ ಮೇಲೆ ಅಥಾರಿಟಿ ಇಂಜಿನಿಯರ್ ಅಂತಲೋ ಇಂಡಿಪೆಂಡೆಂಟ್ ಇಂಜಿನಿಯರ್ ಅಂತಲೋ ಕರೀತಾರೆ. ನಮ್ಮ ಮನೆ ಹತ್ರಾನೇ ಹಾದು ಹೋಗೋ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ತಗೊಳಿ, 2023ರ ಮಾರ್ಚ್ 12ರಂದು ಮಂಡ್ಯದಲ್ಲೇ ಉದ್ಘಾಟನೆ ಆಯ್ತಲ್ಲ, ಅದು ಹೈಬ್ರಿಡ್ ಆನ್ಯುಟಿ ಅನ್ನೋ ಲೆಕ್ಕದಲ್ಲಿ ಕಟ್ಟಿದ್ದು. ಅಂದ್ರೆ ಖರ್ಚಿನ 40 ಪರ್ಸೆಂಟ್ ಕಟ್ಟೋವಾಗ ಸರ್ಕಾರ ಕೊಡುತ್ತೆ, ಮಿಕ್ಕಿದ್ದನ್ನ ಕಟ್ಟಿದೋರು ಹಾಕ್ಕೊಂಡು ಆಮೇಲೆ ವರ್ಷಗಟ್ಲೆ ಕಂತಲ್ಲಿ ವಾಪಸ್ ತಗೋತಾರೆ. ಇಂಥ ಕೆಲ್ಸದಲ್ಲಿ ಇಷ್ಟು ಕೆಲ್ಸ ಆಗಿದೆ, ಇಷ್ಟು ದುಡ್ಡು ಬಿಡ್ಬೋದು ಅಂತ ಹೇಳೋನು ಆ ಇಂಡಿಪೆಂಡೆಂಟ್ ಇಂಜಿನಿಯರ್. ಹೆಸ್ರು ಏನೇ ಇರ್ಲಿ ಮಾಡ್ಬೇಕಾಗಿರೋದು ಒಂದೇ, ಕಟ್ಟೋನ ಪರವಾಗೂ ಅಲ್ದೆ, ದುಡ್ ಕೊಡೋನ ಅವಸರಕ್ಕೂ ಬಗ್ದೆ, ಡ್ರಾಯಿಂಗಲ್ಲಿ ಏನಿದ್ಯೋ ಅದು ನೆಲದ ಮೇಲೆ ಆಗಿದ್ಯಾ ಅಂತ ನೋಡೋದು.

ರೈಲ್ವೇಲಿ ಇರೋ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಹೊಸ ಲೈನ್ ಆಗ್ಲಿ, ಇರೋ ಲೈನ್ ಪಕ್ಕ ಇನ್ನೊಂದು ಹಾಕೋ ಡಬಲಿಂಗ್ ಆಗ್ಲಿ ಜನ ಓಡಾಡೋ ರೈಲು ಬಿಡೋಕೆ ಮುಂಚೆ ರೈಲ್ವೆ ಸುರಕ್ಷತಾ ಆಯುಕ್ತರು, ಸಿಆರ್‌ಎಸ್ ಅಂತಾರಲ್ಲ, ಅವ್ರು ಬಂದು ನೋಡಿ ಒಪ್ಪಿಗೆ ಕೊಡ್ಬೇಕು. ಆ ಸಿಆರ್‌ಎಸ್ ರೈಲ್ವೆ ಸಚಿವಾಲಯದ ಕೆಳಗೆ ಬರಲ್ಲ, ವಿಮಾನಯಾನ ಸಚಿವಾಲಯದ ಕೆಳಗೆ ಬರ್ತಾರೆ. ಮೊದಲ್ನೇ ಸಲ ಕೇಳಿದಾಗ ನಂಗೂ ವಿಚಿತ್ರ ಅನ್ನಿಸ್ತು, ರೈಲಿಗೂ ವಿಮಾನಕ್ಕೂ ಏನ್ ಸಂಬಂಧ ಅಂತ. ಆಮೇಲೆ ಅರ್ಥ ಆಯ್ತು, ಕಟ್ಟಿದವ್ರ ಕೈಕೆಳಗೇ ನೋಡೋನೂ ಇದ್ರೆ ಅವ್ನ ಬಾಯಿಂದ "ಬೇಡ, ನಿಲ್ಸಿ" ಅನ್ನೋ ಮಾತು ಎಲ್ಲಿ ಬರುತ್ತೆ. ಮೆಟ್ರೋಗೂ ಇದೇ ತರ ಸುರಕ್ಷತಾ ಆಯುಕ್ತರು ಇದಾರೆ.

ಆದ್ರೆ ಸಿಆರ್‌ಎಸ್ ಬರೋದು ಕೊನೇಲಿ. ಅಷ್ಟೊತ್ತಿಗೆ ಕಂಬಿ ಎಲ್ಲಾ ಕಾಂಕ್ರೀಟ್ ಒಳಗೆ, ಆಳಕ್ಕೆ ಇಳಿಸೋ ತಳಪಾಯದ ಕಂಬ, ಪೈಲ್ ಅಂತೀವಿ, ಅದೆಲ್ಲಾ ಭೂಮಿ ಒಳಗೆ. ದಿನದಿನಕ್ಕೆ ನೋಡೋನು ನಾವು.

ನಮ್ ಕೆಲ್ಸದ ಜೀವ ಇರೋದು ಒಂದು ಚೀಟೀಲಿ, ರಿಕ್ವೆಸ್ಟ್ ಫಾರ್ ಇನ್ಸ್ಪೆಕ್ಷನ್, ಆರ್‌ಎಫ್‌ಐ ಅಂತಾರೆ. ಕಂಬಿ ಕಟ್ಟಿ, ಸೆಂಟ್ರಿಂಗ್ ಮುಗ್ಸಿ, "ಸಾರ್ ರೆಡಿ ಇದೆ, ಬಂದು ನೋಡಿ, ಕಾಂಕ್ರೀಟ್ ಹಾಕ್ಬೋದಾ ಹೇಳಿ" ಅಂತ ಕಂಟ್ರಾಕ್ಟರ್ ಕಡೆಯೋರು ಕೇಳೋ ಚೀಟಿ ಅದು. ನಾವು ಹೋಗಿ ನೋಡಿ ಸೈನ್ ಹಾಕಿದ್ಮೇಲೇ ಮುಂದಿನ ಕೆಲ್ಸ. ಸರಿ ಇಲ್ಲ ಅಂದ್ರೆ ಬರ್ದು ವಾಪಸ್ ಕಳಿಸ್ಬೇಕು, ಸರಿ ಮಾಡಿ ಮತ್ತೆ ಕೇಳ್ತಾರೆ. ನೋಡೋದು ಅಂದ್ರೆ ದೂರದಿಂದ ನಿಂತು ನೋಡೋದಲ್ಲ. ಫೂಟಿಂಗ್, ಅಂದ್ರೆ ಕಾಲಂ ಕೆಳಗಿನ ತಳಪಾಯ ಆದ್ರೆ ಗುಂಡಿಗೆ ಇಳೀಬೇಕು, ಕಾಲಂ ಆದ್ರೆ ಸೆಂಟ್ರಿಂಗ್ ಮುಚ್ಚೋ ಮುಂಚೆ ನಾಲ್ಕೂ ಕಡೆ ಸುತ್ತಬೇಕು, ಟೇಪ್ ಹಿಡೀಬೇಕು, ಕಂಬಿ ಎಣಿಸ್ಬೇಕು, ಬಾಯಲ್ಲಿ ಎಣಿಸ್ಬೇಕು ಗಟ್ಟಿಯಾಗಿ, ಪಕ್ಕದಲ್ಲಿ ಬಾರ್ ಬೆಂಡಿಂಗ್ ಮೇಸ್ತ್ರಿ ನಿಂತಿರ್ಬೇಕು, ಅವ್ನೂ ಎಣಿಸ್ಬೇಕು. ಕಂಬಿ ಹೊರಗಡೆ ಕಾಂಕ್ರೀಟ್ ಕವಚ ಬರ್ಲಿ ಅಂತ ಇಡೋ ಕವರ್ ಬ್ಲಾಕ್ ಇದ್ಯಾ, ಕಾಲಂಗೆ 40 ಎಂಎಂ, ಫೂಟಿಂಗಿಗೆ 50 ಎಂಎಂ ಕವರ್ ಸಿಗುತ್ತಾ, ಕಂಬಿ ಮೇಲೆ ಕಂಬಿ ಸೇರಿಸಿ ಜೋಡಿಸೋ ಲ್ಯಾಪ್ ಎಲ್ಲಾ ಒಂದೇ ಕಡೆ ಬಂದ್ಬಿಟ್ಟಿದ್ಯಾ, ರಿಂಗಿನ ಹುಕ್ಕು ಡ್ರಾಯಿಂಗಲ್ಲಿ 135 ಡಿಗ್ರಿ ಅಂತಿದ್ರೆ ನಿಜವಾಗ್ಲೂ ಒಳಗೆ ಬಗ್ಗಿದ್ಯಾ ಇಲ್ಲಾ 90ಕ್ಕೆ ಬಗ್ಗಿಸಿ ಹಂಗೇ ಬಿಟ್ಟವ್ರಾ, ಒಳಗೆ ಮರದ ಚೂರು, ಬೈಂಡಿಂಗ್ ವೈರ್ ತುಂಡು, ಗುಟ್ಕಾ ಪ್ಯಾಕೆಟ್ ಬಿದ್ದಿದ್ಯಾ, ಸೆಂಟ್ರಿಂಗ್ ಜಾಕಿ ಕೆಳಗೆ ಗಟ್ಟಿ ನೆಲ ಇದ್ಯಾ ಅಥವಾ ನಿನ್ನೆ ಮಳೇಲಿ ನೆಂದ ಮಣ್ಣಾ. ಇದೆಲ್ಲಾ ನೋಡೋಕೆ ಒಂದು ದೊಡ್ಡ ಕಾಲಂಗೆ ಅರ್ಧ ಗಂಟೆ ಬೇಕು, ಪೈಲ್ ತಲೆಗಳನ್ನ ಸೇರಿಸೋ ಪೈಲ್ ಕ್ಯಾಪ್ ಆದ್ರೆ ಒಂದು ಬೆಳಗೇ ಬೇಕು.

ಕಾಂಕ್ರೀಟ್ ಬಂದ್ಮೇಲೆ ಬೇರೆ ಕೆಲ್ಸ. ರಿಂಗ್ ರೋಡಲ್ಲಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಟ್ರಾನ್ಸಿಟ್ ಮಿಕ್ಸರ್ ಗಾಡಿ ಲೇಟಾಗಿ ಬರುತ್ತೆ, ಪ್ಲಾಂಟಲ್ಲಿ ಲೋಡ್ ಆಗಿ ಎರಡು ಗಂಟೆಯೊಳಗೆ ಇಳಿಸ್ಬೇಕು ಅನ್ನೋ ಲೆಕ್ಕ ಇದೆ, ಚಲನ್ನಲ್ಲಿ ಟೈಮ್ ನೋಡ್ಬೇಕು. ಲೇಟಾಗಿ ಗಟ್ಟಿ ಆಗಿದ್ರೆ ಹೆಲ್ಪರ್ ಹುಡುಗ ಪೈಪ್ ತಂದು ನೀರು ಬಿಡ್ತಾನೆ, ಅವ್ನಿಗೆ ಯಾರೂ ಹೇಳ್ಕೊಟ್ಟಿರಲ್ಲ ಪಾಪ, ನೀರು ಬಿಟ್ರೆ ಸಲೀಸಾಗಿ ಇಳಿಯುತ್ತೆ ಅಷ್ಟೇ ಅವ್ನಿಗೆ ಗೊತ್ತಿರೋದು. ಆ ಒಂದು ಪೈಪ್ ನೀರು ಕಾಂಕ್ರೀಟಿನ ಶಕ್ತೀನ ಎಷ್ಟು ತಿಂದ್ಹಾಕುತ್ತೆ ಅನ್ನೋದು ಕಾಲಂ ಮೇಲೆ ಕಾಣ್ಸಲ್ಲ, ಸೆಂಟ್ರಿಂಗ್ ಬಿಚ್ಚಿದ್ರೆ ಇನ್ನೂ ನುಣ್ಣಗೆ ಚೆನ್ನಾಗೇ ಕಾಣ್ಸುತ್ತೆ. ಕ್ಯೂಬ್ ಟೆಸ್ಟ್ ಇದ್ಯಲ್ಲ ಅಂತೀರಾ, ಇದೆ, ಅದೇ ಕಾಂಕ್ರೀಟನ್ನ ಅಚ್ಚಲ್ಲಿ ತುಂಬಿ ಮಾಡೋ 150 ಎಂಎಂ ಕ್ಯೂಬ್, ಒಂದು ಸ್ಯಾಂಪಲ್ಲಿಗೆ ಮೂರು, 28 ದಿನ ನೀರಲ್ಲಿಟ್ಟು ಎಷ್ಟು ಭಾರ ತಡೆಯುತ್ತೆ ಅಂತ ಮಷೀನಲ್ಲಿ ಒಡೆಯೋದು. ಮಷೀನು ಸುಳ್ಳು ಹೇಳಲ್ಲ, ಆದ್ರೆ ಆ ಕ್ಯೂಬನ್ನ ನೀರು ಬಿಡೋಕೆ ಮುಂಚೆ ತುಂಬಿದ್ರಾ ಬಿಟ್ಮೇಲೆ ತುಂಬಿದ್ರಾ ಅನ್ನೋದನ್ನ ಮಷೀನು ಹೇಳಲ್ಲ. ಅದನ್ನ ಹೇಳೋಕೆ ಪಕ್ಕದಲ್ಲಿ ಒಬ್ಬ ನಿಂತಿರ್ಬೇಕು. ಆಮೇಲೆ ಕ್ಯೂರಿಂಗು, ಅಂದ್ರೆ ಕಾಂಕ್ರೀಟನ್ನ ಒದ್ದೆ ಇಡೋದು, ಕನಿಷ್ಠ 7 ದಿನ, ಸಿಮೆಂಟ್ ಜೊತೆ ಫ್ಲೈ ಆಶ್ (ಕಲ್ಲಿದ್ದಲ ಬೂದಿ), ಸ್ಲ್ಯಾಗ್ (ಕುಲುಮೆ ಕಿಟ್ಟ) ಮಿಕ್ಸ್ ಇದ್ರೆ 10 ದಿನ, ಮಾರ್ಚ್ ಏಪ್ರಿಲ್ ಬಿಸ್ಲಲ್ಲಿ ಗೋಣಿಚೀಲ ಸುತ್ತಿ ನೀರು ಹಾಕಿದ್ರೆ ಮಧ್ಯಾಹ್ನದೊಳಗೆ ಒಣಗಿರುತ್ತೆ, ಭಾನುವಾರ ಹಾಕೋರೇ ಇರಲ್ಲ. ನಾನು ಎಷ್ಟೋ ಭಾನುವಾರ ಮಂಡ್ಯದಿಂದ ಬೈಕಲ್ಲಿ ಹೋಗಿ ಗೋಣಿಚೀಲ ಮುಟ್ಟಿ ನೋಡ್ಕೊಂಡು ಬಂದಿದೀನಿ.

ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆ ಇದ್ಯಲ್ಲ, ದಿವಾನ್ ಪೂರ್ಣಯ್ಯನವ್ರು 1804ರಲ್ಲಿ ಕಟ್ಸಿದ್ದು, ಕಲ್ಲಿನ ಕಂಬದ ಮೇಲೆ ಕಲ್ಲಿನ ತೊಲೆ. ಅದ್ರ ಕೆಳಗೆ ಹೋಗಿ ನಿಂತ್ಕೊಂಡ್ರೆ ಯಾವ ಕಲ್ಲು ಹೆಂಗೆ ಕೂತಿದೆ, ಭಾರ ಎಲ್ಲಿಂದ ಎಲ್ಲಿಗೆ ಇಳೀತಿದೆ ಅಂತ ಮಕ್ಳೂ ಬೆರಳು ಮಾಡಿ ತೋರಿಸ್ಬೋದು. ಮೇಸ್ತ್ರಿ ಒಂದು ಕಲ್ಲನ್ನ ತಪ್ಪಾಗಿ ಇಟ್ಟಿದ್ರೂ ಊರೋರಿಗೆಲ್ಲ ಕಾಣ್ಸಿರೋದು. ನಮ್ ಕಾಲದ ಕೆಲ್ಸದಲ್ಲಿ ಆ ಅನುಕೂಲ ಇಲ್ಲ. ಬೆಲೆ ಬಾಳೋದು, ಜೀವ ಉಳಿಸೋದು, ಎಲ್ಲಾ ಒಳಗಡೆ ಇದೆ, ಮುಚ್ಚಿದ್ಮೇಲೆ ಒಳ್ಳೇ ಕಾಲಂಗೂ ಕೆಟ್ಟ ಕಾಲಂಗೂ ಬಣ್ಣ ಒಂದೇ.

ಈಗ ಆ ಸ್ಲ್ಯಾಬ್ ವಿಷ್ಯ.

2014, ಗೌರಿ ಹಬ್ಬದ ಹಿಂದಿನ ದಿನ. ಒಂದು ಬಸ್ ನಿಲ್ದಾಣದ ಕೆಲ್ಸ, ಯಾವ್ದು ಅಂತ ಬೇಡ. ಬಸ್ ಬಂದು ನಿಲ್ಲೋ ಜಾಗದಲ್ಲಿ ಅಡ್ಡಕ್ಕೆ ಮಳೆನೀರು ಚರಂಡಿ, ಅದ್ರ ಮೇಲೆ ಮುಚ್ಚೋ ಸ್ಲ್ಯಾಬು. ಮಧ್ಯಾಹ್ನ ಮೂರು ಗಂಟೆ ಇರ್ಬೋದು, ಕಂಟ್ರಾಕ್ಟರ್ ಕಡೆ ಸೈಟ್ ಇಂಜಿನಿಯರ್ ಆರ್‌ಎಫ್‌ಐ ತಗೊಂಡು ಆಫೀಸ್ ಶೆಡ್ಡಿಗೇ ಬಂದ. ಒಳ್ಳೇ ಹುಡುಗ, ಅವತ್ತಿನವರ್ಗೂ ಒಂದ್ಸಲಾನೂ ಮೋಸ ಮಾಡಿರ್ಲಿಲ್ಲ. "ಸಾರ್, ಚಿಕ್ಕ ಸ್ಲ್ಯಾಬು, ಕಂಬಿ ಕಟ್ಟಾಗಿದೆ, ಲೇಬರ್ಸ್ ಎಲ್ಲಾ ಹಬ್ಬಕ್ಕೆ ಸಂಜೆ ಹೊರಡ್ತಾರೆ, ಇವತ್ತು ಹಾಕ್ಲಿಲ್ಲ ಅಂದ್ರೆ ಇನ್ನೊಂದು ವಾರ ಆಗುತ್ತೆ" ಅಂದ. ನಾನು ಅಕ್ಕನ ಮನೆಗೆ ಬಾಗಿನ ತಗೊಂಡು ಹೋಗ್ಬೇಕಿತ್ತು, ಅಮ್ಮ ಬೆಳಗಿಂದ ಎರಡು ಸಲ ಫೋನ್ ಮಾಡಿದ್ರು. ಶೆಡ್ಡಿಂದ ಆ ಚರಂಡಿಗೆ ಇದ್ದಿದ್ದು ಇನ್ನೂರು ಹೆಜ್ಜೆ. ನಾನು ಕೂತಲ್ಲೇ ಸೈನ್ ಹಾಕ್ದೆ.

ಎರಡು ವರ್ಷ ಆದ್ಮೇಲೆ ಮಳೆಗಾಲದಲ್ಲಿ ಒಂದು ಬೆಳಗ್ಗೆ ಫೋನ್ ಬಂತು. ಹೋಗಿ ನೋಡಿದ್ರೆ ಬಸ್ಸು ವಾಲ್ಕೊಂಡು ನಿಂತಿದೆ, ಹಿಂದಿನ ಚಕ್ರ ಅರ್ಧ ಒಳಗೆ. ಜನ ತುಂಬಿದ ಬಸ್ಸಲ್ಲಿ ಹಿಂದಿನ ಆಕ್ಸಲ್ ಮೇಲೇ ಹತ್ತು ಟನ್ ಹತ್ರ ಭಾರ ಬೀಳುತ್ತೆ, ಅದು ದಿನಕ್ಕೆ ಎಷ್ಟು ಸಲ ಆ ಸ್ಲ್ಯಾಬ್ ಮೇಲೆ ಹಾದು ಹೋಗಿರ್ಬೇಕು ಲೆಕ್ಕ ಹಾಕಿ. ಸ್ಲ್ಯಾಬ್ ಒಡೆದು ತೆಗೆದಾಗ ಗೊತ್ತಾಯ್ತು, ಮೇನ್ ಕಂಬೀನ ಚರಂಡಿಗೆ ಅಡ್ಡಕ್ಕೆ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಾಕೋ ಬದ್ಲು ಉದ್ದಕ್ಕೆ ಕಟ್ಟಿದ್ರು, ಅಡ್ಡಕ್ಕೆ ಬಂದಿದ್ದು ಸಣ್ಣ ಕಂಬಿ, ಅದೂ ದೂರ ದೂರ. ಯಾರೂ ಕದ್ದಿರ್ಲಿಲ್ಲ, ಸ್ಟೀಲ್ ಅಷ್ಟಕ್ಕಷ್ಟೂ ಇತ್ತು, ತೂಕ ಹಾಕಿದ್ರೆ ಬಿಲ್ಲಿಗೆ ಸರಿ ಹೋಗೋದು. ಹೊಸದಾಗಿ ಬಂದಿದ್ದ ಗ್ಯಾಂಗು ಡ್ರಾಯಿಂಗನ್ನ ತಿರುಗ್ಸಿ ಓದ್ಕೊಂಡಿತ್ತು ಅಷ್ಟೇ. ನಾನು ಆ ಇನ್ನೂರು ಹೆಜ್ಜೆ ನಡೆದು ಹೋಗಿ ಒಂದ್ಸಲ ಬಗ್ಗಿ ನೋಡಿದ್ರೆ ಎರಡೇ ಸೆಕೆಂಡಲ್ಲಿ ಕಾಣ್ಸಿರೋದು, ಇದನ್ನ ಕಂಡುಹಿಡಿಯೋಕೆ ಟೇಪೂ ಬೇಡ ಏನೂ ಬೇಡ.

ನಾನು ಇಲಾಖೆಯವ್ರ ಮುಂದೆ ಇದ್ದದ್ದು ಇದ್ದಂಗೆ ಹೇಳ್ದೆ. ಬೈಸ್ಕೊಂಡೆ, ಅದು ಸಣ್ಣದು. ಆ ಬಸ್ಸಿಂದ ಇಳಿದ ಜನದಲ್ಲಿ ಒಬ್ಬ ಅಜ್ಜಿ ಇದ್ಲು, ಕೋಳಿ ಬುಟ್ಟಿ ಹಿಡ್ಕೊಂಡು, "ಏನಪ್ಪಾ ಹೊಸಾ ಬಸ್‌ಸ್ಟ್ಯಾಂಡು ಅಂದ್ರು" ಅಂತ ನನ್ನ ಮುಖ ನೋಡಿದ್ಲು, ಅವ್ಳಿಗೆ ನಾನ್ಯಾರು ಅಂತ ಗೊತ್ತಿರ್ಲಿಲ್ಲ. ಅದು ಇವತ್ತಿಗೂ ಹೋಗಿಲ್ಲ. ಆವತ್ತಿಂದ ಈವತ್ತಿನವರ್ಗೂ ಹೋಗಿ ನೋಡ್ದೆ ಒಂದೂ ಸೈನ್ ಹಾಕಿಲ್ಲ, ಜ್ವರ ಬಂದಿದ್ರೆ ಬರಲ್ಲ ಅಂತೀನಿ, ಕೆಲ್ಸ ನಿಲ್ಲುತ್ತೆ ಅಂದ್ರೆ ನಿಲ್ಲಲಿ ಅಂತೀನಿ.

ಇದೇನು ನಮ್ಮೂರಿಗೆ, ನಮ್ ದೇಶಕ್ಕೆ ಮಾತ್ರ ಅಂದ್ಕೋಬೇಡಿ. ಹಾಂಗ್‌ಕಾಂಗಲ್ಲಿ ಹುಂಗ್ ಹೋಮ್ ಅಂತ ಒಂದು ಸ್ಟೇಷನ್, ಹೊಸ ಮೆಟ್ರೋ ಲೈನಿಗೆ ಅಂಡರ್‌ಗ್ರೌಂಡಲ್ಲಿ ಪ್ಲಾಟ್‌ಫಾರ್ಮ್ ಕಟ್ಟಿದ್ರು. 2018ರಲ್ಲಿ ಹೊರಗೆ ಬಂತು, ಎರಡು ಕಂಬಿ ಜೋಡಿಸೋ ಕಪ್ಲರ್ ಒಳಗೆ ತಿರುಪಿ ಕೂರಿಸ್ಬೇಕಾದ ಕಂಬಿಗಳ ಥ್ರೆಡ್ ಇರೋ ತುದೀನ ಕೆಲವು ಕಡೆ ಕತ್ತರಿಸಿ, ಕೂತಿರೋ ತರ ಕಾಣ್ಸೋ ಹಂಗೆ ಇಟ್ಟು ಕಾಂಕ್ರೀಟ್ ಹಾಕಿದ್ರು ಅಂತ. ದೊಡ್ಡ ವಿಚಾರಣಾ ಆಯೋಗ ಕೂತ್ಕೊಳ್ತು. ಅಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಕಂಬಿ ಅಲ್ಲ, ಕಾಗದ. ನಮ್ ಆರ್‌ಎಫ್‌ಐ ತರದ್ದೇ ಚೀಟಿ ಅವ್ರಲ್ಲೂ ಇದೆ, ಹುಡುಕೋಕೆ ಹೋದ್ರೆ ಎಷ್ಟೋ ಚೀಟಿಗಳು ಇರ್ಲೇ ಇಲ್ಲ. ಅಷ್ಟು ಶ್ರೀಮಂತ ಊರು, ಜಗತ್ತೇ ಹೊಗಳೋ ಮೆಟ್ರೋ. ಕೊನೆಗೆ ಕಟ್ಟಿದ ಕಾಂಕ್ರೀಟನ್ನ ಅಲ್ಲಲ್ಲಿ ಒಡೆದು ಒಳಗೆ ಕಂಬಿ ಹೆಂಗಿದೆ ಅಂತ ನೋಡ್ಬೇಕಾಯ್ತು. ಮುಚ್ಚೋಕೆ ಮುಂಚೆ ಬಿಟ್ಟಿ ನೋಡ್ಬೋದಾಗಿದ್ದನ್ನ ಮುಚ್ಚಿದ್ಮೇಲೆ ಒಡೆದು ನೋಡೋದು.

ಮೆಕ್ಸಿಕೋದಲ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. ಮೆಕ್ಸಿಕೋ ಸಿಟಿ ಮೆಟ್ರೋ 12ನೇ ಲೈನು 2012ರಲ್ಲಿ ಶುರು ಆಗಿದ್ದು, 2021ರ ಮೇ 3ರ ರಾತ್ರಿ ರೈಲು ಮೇಲಿದ್ದಾಗ್ಲೇ ಸೇತುವೆ ಮುರಿದು ಬಿತ್ತು, 26 ಜನ ಹೋದ್ರು. ಕಬ್ಬಿಣದ ಗರ್ಡರಿಗೂ ಅದ್ರ ಮೇಲಿನ ಕಾಂಕ್ರೀಟ್ ಸ್ಲ್ಯಾಬಿಗೂ ಜೋಡಿಸೋ ಮೊಳೆ ತರದ ಸ್ಟಡ್‌ಗಳು ಇರ್ತವೆ, ಗರ್ಡರಿಗೆ ವೆಲ್ಡ್ ಮಾಡಿರ್ತಾರೆ, ಆಮೇಲೆ ಕಾಂಕ್ರೀಟ್ ಒಳಗೆ ಮುಚ್ಚಿ ಹೋಗ್ತವೆ. ತನಿಖೇಲಿ ನೋಡಿದ್ರೆ ಕೆಲವು ಕಡೆ ಸ್ಟಡ್ಡೇ ಇಲ್ಲ, ಇದ್ದ ಕಡೆ ವೆಲ್ಡಿಂಗ್ ಸರಿಯಿಲ್ಲ. ವೆಲ್ಡ್ ಮಾಡೋವಾಗ ಸ್ಟಡ್ ಬುಡಕ್ಕೆ ಒಂದು ಪಿಂಗಾಣಿ ಬಳೆ ಇಡ್ತಾರೆ, ಆಮೇಲೆ ಅದನ್ನ ಒಡೆದು ತೆಗೆದ್ರೇನೇ ವೆಲ್ಡ್ ಕಣ್ಣಿಗೆ ಕಾಣೋದು. ಆ ಬಳೆಗಳು ಹಂಗಂಗೇ ಉಳ್ಕೊಂಡಿದ್ವು. ನಮ್ ಕೆಲ್ಸ ಗೊತ್ತಿರೋರಿಗೆ ಅದನ್ನ ಓದಿದ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಬಳೆ ಉಳ್ಕೊಂಡಿದೆ ಅಂದ್ರೆ ಅಲ್ಲಿ ಯಾರೂ ಬಗ್ಗಿ ನೋಡಿಲ್ಲ ಅಂತ್ಲೇ ಅರ್ಥ. ಒಂದು ಸುತ್ತಿಗೆ ಹಿಡ್ಕೊಂಡು ಟಣ್ ಟಣ್ ಅಂತ ತಟ್ಕೊಂಡು ಹೋಗೋ ಕೆಲ್ಸ ಅದು.

ಇನ್ನೂ ಹಳೇದೊಂದು ಇದೆ, ಹೊಸಬ್ರಿಗೆಲ್ಲ ನಾನು ಹೇಳೋದೇ ಇದನ್ನ. ಕೆನಡಾದ ಕ್ವಿಬೆಕ್ ಅನ್ನೋ ಊರಲ್ಲಿ ಸೇಂಟ್ ಲಾರೆನ್ಸ್ ನದಿ ಮೇಲೆ ರೈಲ್ವೆ ಸೇತುವೆ ಕಟ್ತಿದ್ರು. ಕನ್ಸಲ್ಟಿಂಗ್ ಇಂಜಿನಿಯರ್ ಥಿಯೊಡೋರ್ ಕೂಪರ್ ಅಂತ, ಆ ಕಾಲಕ್ಕೆ ಅಮೆರಿಕಾದಲ್ಲಿ ಬಹಳ ದೊಡ್ಡ ಹೆಸರು, ಕೂತಿದ್ದು ನ್ಯೂಯಾರ್ಕಲ್ಲಿ. ವಯಸ್ಸಾಗಿತ್ತು, ಆರೋಗ್ಯ ಸರಿ ಇರ್ಲಿಲ್ಲ, ಮೇಲಿನ ಕಬ್ಬಿಣದ ಕೆಲ್ಸ ನಡೀವಾಗ ಒಂದ್ಸಲಾನೂ ಸೈಟಿಗೆ ಬಂದಿರ್ಲಿಲ್ಲ. ಸೈಟಲ್ಲಿ ಅವ್ರ ಕಣ್ಣಾಗಿ ಇದ್ದಿದ್ದು ನಾರ್ಮನ್ ಮೆಕ್ಲೂರ್ ಅನ್ನೋ ಚಿಕ್ಕ ವಯಸ್ಸಿನ ಇಂಜಿನಿಯರು. ಕೆಳಗಿನ ತೊಲೆಗಳು ಬಗ್ತಿವೆ ಅಂತ ಆ ಹುಡುಗ ಅಳತೆ ಮಾಡಿ ಬರೀತಾನೇ ಇದ್ದ, ಕೊನೆಗೆ ರೈಲು ಹತ್ತಿ ನ್ಯೂಯಾರ್ಕಿಗೇ ಹೋಗಿ ಮುಂದೆ ನಿಂತು ಹೇಳ್ದ. ಕೂಪರ್‌ಗೆ ಅರ್ಥ ಆಯ್ತು, ಇನ್ನು ಭಾರ ಹಾಕ್ಬೇಡಿ ಅಂತ ತಂತಿ ಕಳಿಸಿದ್ರು, ಆದ್ರೆ ಅದು ಹೋಗಿದ್ದು ಸೈಟಿಗಲ್ಲ, ಪೆನ್ಸಿಲ್ವೇನಿಯಾದಲ್ಲಿದ್ದ, ಸೇತುವೆ ಕಟ್ತಿದ್ದ ಕಂಪ್ನಿ ಆಫೀಸಿಗೆ. ಅದೇ ದಿನ, 1907ರ ಆಗಸ್ಟ್ 29, ಸಂಜೆ ಕೆಲ್ಸ ಬಿಡೋ ಹೊತ್ತಿಗೆ ಸೇತುವೆ ನದಿಗೆ ಬಿತ್ತು, 75 ಕೆಲಸಗಾರ್ರು ಸತ್ರು. ಆ ಹುಡುಗನ ಕೈಗೆ ಕೆಲ್ಸ ನಿಲ್ಸೋ ಅಧಿಕಾರ ಕೊಟ್ಟಿದ್ರೆ ಅಂತ ನಾನು ಎಷ್ಟು ಸಲ ಯೋಚ್ನೆ ಮಾಡಿದೀನೋ. ಅಧಿಕಾರ ಒಂದೂರಲ್ಲಿ ಕಣ್ಣು ಇನ್ನೊಂದೂರಲ್ಲಿ ಇಟ್ರೆ ಹಿಂಗಾಗುತ್ತೆ.

ನೂರಾ ಹದಿನೈದು ವರ್ಷ ಆದ್ಮೇಲೆ ನಮ್ ಬೆಂಗ್ಳೂರು. 2023ರ ಜನವರಿ 10, ನಾಗವಾರದ ಹತ್ರ ಮೆಟ್ರೋ ಪಿಲ್ಲರಿಗೆ ಕಟ್ಟಿ ನಿಲ್ಸಿದ್ದ ಕಂಬಿ ಪಂಜರ ರೋಡಿಗೆ ಬಿತ್ತು. ಗಾಡೀಲಿ ಹೋಗ್ತಿದ್ದ ಸಂಸಾರ, ತಾಯಿ, ಪುಟ್ಟ ಮಗು ಇಬ್ರೂ ಹೋದ್ರು. ಇದು ಕಾಂಕ್ರೀಟಿನ ಒಳಗೆ ಮುಚ್ಚಿದ್ದಲ್ಲ, ಆಕಾಶದಲ್ಲಿ ಎಲ್ರಿಗೂ ಕಾಣ್ಸೋ ಹಂಗೆ ನಿಂತಿದ್ದು. ಅಷ್ಟೆತ್ತರದ ಪಂಜರ ನಿಲ್ಸಿದ್ಮೇಲೆ ನಾಲ್ಕೂ ಕಡೆ ಹಗ್ಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿರ್ಬೇಕು, ಆ ಹಗ್ಗ ಬಿಗಿ ಇದ್ಯಾ ಅಂತ ದಿನಾ ಬೆಳಗ್ಗೆ ಯಾರಾದ್ರೂ ಮುಟ್ಟಿ ನೋಡ್ಬೇಕು. ನಾವು ಆರ್‌ಎಫ್‌ಐ ಬರೋದು ಕಾಂಕ್ರೀಟ್ ಹಾಕೋ ಮುಂಚೆ ಅಂತ ಕಾಯ್ತಾ ಕೂತ್ರೆ ಆ ಮಧ್ಯದ ದಿನಗಳನ್ನ ಯಾರು ನೋಡೋದು? ಆ ವಾರ ನಾನು ಕೆಲ್ಸ ಮಾಡ್ತಿದ್ದ ಓವರ್‌ಬ್ರಿಡ್ಜ್ ಸೈಟಲ್ಲಿ ನಿಂತಿದ್ದ ಎಲ್ಲಾ ಪಂಜರದ ಹಗ್ಗ ಬಿಚ್ಚಿ ಹೊಸದಾಗಿ ಕಟ್ಸಿದ್ವಿ, ಕಂಟ್ರಾಕ್ಟರ್ ಕಡೆಯೋರೂ ಒಂದು ಮಾತಾಡ್ಲಿಲ್ಲ, ಅವ್ರಿಗೂ ಮನೇಲಿ ಮಕ್ಳು ಇದಾರೆ.

ಒಳ್ಳೇದೂ ನೋಡಿದೀನಿ. ಬೆಂಗ್ಳೂರು ಮೈಸೂರು ರೈಲ್ವೆ ಡಬಲಿಂಗಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಇತ್ತಲ್ಲ, ವರ್ಷಗಟ್ಲೆ ಕೆಲ್ಸ ನಿಂತಿತ್ತು, ಕೊನೆಗೆ ಒಡೀದೆ 2017ರಲ್ಲಿ ಇಡೀ ಕಟ್ಟಡಾನೇ, ಸುಮಾರು ಸಾವಿರ ಟನ್ನು, ಬುಡದಿಂದ ಎತ್ತಿ ನೂರು ಮೀಟರಿಗೂ ಜಾಸ್ತಿ ಆಚೆ ಸರಿಸಿದ್ರು. ನಾನು ರಜಾ ಹಾಕಿ ನೋಡೋಕೆ ಹೋಗಿದ್ದೆ. ಬಂದಿದ್ದ ಜನ ಕಟ್ಟಡ ನೋಡ್ತಿದ್ರು, ನಾನು ಸುತ್ತ ನಿಂತಿದ್ದೋರನ್ನ ನೋಡ್ತಿದ್ದೆ, ಕಣ್ಣು ಮಿಟುಕಿಸ್ದೆ ನಿಂತಿದ್ರು. ಇಟ್ಟಿಗೆ ಗಾರೆ ಕಟ್ಟಡ, ಒಂದು ಮೂಲೆ ಸ್ವಲ್ಪ ಮೇಲೆ ಕೆಳಗೆ ಆದ್ರೂ ಬಿರುಕು ಬಿಡುತ್ತೆ. ಬಿಡ್ಲಿಲ್ಲ. ಈಗ ರೈಲಲ್ಲಿ ಆ ಜಾಗ ದಾಟೋವಾಗೆಲ್ಲ ಕಿಟಕಿ ಕಡೆ ತಿರುಗ್ತೀನಿ.

ಹಂಗಾದ್ರೆ ಎಲ್ಲಾ ಕಡೆ ಯಾಕೆ ಹಂಗೆ ಆಗಲ್ಲ? ನಾನು ಕಂಡಿದ್ದು ಹೇಳ್ತೀನಿ. ಮೇಲ್ವಿಚಾರಣೆ ಟೆಂಡರಲ್ಲಿ ಮ್ಯಾನ್-ಮಂತ್ ಲೆಕ್ಕ ಇರುತ್ತೆ, ಇಷ್ಟು ಜನ ಇಷ್ಟು ತಿಂಗ್ಳು ಸೈಟಲ್ಲಿ ಇರ್ಬೇಕು ಅಂತ. ಟೆಂಡರ್ ಹಾಕೋವಾಗ ಇಪ್ಪತ್ತು ವರ್ಷ ಅನುಭವದ ಬ್ರಿಡ್ಜ್ ಇಂಜಿನಿಯರ್ ಬಯೋಡೇಟಾ ಇಡ್ತಾರೆ, ಕೆಲ್ಸ ಸಿಕ್ಮೇಲೆ ಅವ್ರು ಬರಲ್ಲ, ಆರೋಗ್ಯ ಸರಿ ಇಲ್ಲ ಅಂತ ಒಂದು ಲೆಟರ್ ಕೊಟ್ಟು ಬದ್ಲಿಗೆ ನಾಲ್ಕು ವರ್ಷದವ್ನನ್ನ ಕಳಿಸ್ತಾರೆ. ನಾನೇ ಒಂದು ಕಂಪ್ನೀಲಿ ಇದ್ದಾಗ ಒಂದೇ ಸಮಯದಲ್ಲಿ ಮೂರು ಸೈಟ್ ನೋಡ್ಬೇಕಿತ್ತು, ಒಂದು ಮಂಡ್ಯ, ಒಂದು ಮೈಸೂರು, ಒಂದು ನಂಜನಗೂಡು ಕಡೆ, ಮೂರೂ ಕಡೆ ಬೆಳಗ್ಗೆ ಏಳಕ್ಕೆ ಕಾಂಕ್ರೀಟ್. ರೇಟಲ್ಲಿ ಪೈಪೋಟಿ ಮಾಡಿ ಮಾಡಿ ಎಷ್ಟು ಕಮ್ಮಿ ಹಾಕಿರ್ತಾರೆ ಅಂದ್ರೆ ಲ್ಯಾಬ್ ಹುಡುಗನ ಸಂಬ್ಳಾನೂ ಹುಟ್ಟಲ್ಲ. ಕೋಟಿಗಟ್ಲೆ ಕೆಲ್ಸಕ್ಕೆ ನೋಡೋನ ಖರ್ಚು ಅಂತ ಇಡೋದು ಬಹಳ ಸಣ್ಣ ಪಾಲು, ಅದ್ರಲ್ಲೂ ಉಳಿಸೋಕೆ ನೋಡ್ತಾರಲ್ಲ ಅನ್ನೋದೇ ನನ್ನ ಸಂಕಟ. ಇನ್ನೊಂದು, ಉದ್ಘಾಟನೆ ದಿನ ಮೊದ್ಲೇ ಗೊತ್ತಾಗ್ಬಿಟ್ರೆ ಎಲ್ಲಾ ಕಡೆಯಿಂದ ಫೋನು ಶುರು, ಆರ್‌ಎಫ್‌ಐ ವಾಪಸ್ ಕಳ್ಸಿದೋನೇ ಕೆಲ್ಸ ನಿಲ್ಸಿದ ಅಪರಾಧಿ. ಕಾಂಕ್ರೀಟಿಗೆ 28 ದಿನ ಅಂದ್ರೆ 28 ದಿನಾನೇ ಬೇಕು, ಯಾರು ಬಂದು ರಿಬ್ಬನ್ ಕತ್ತರಿಸ್ತಾರೆ ಅಂತ ಅದಕ್ಕೆ ಗೊತ್ತಾಗಲ್ಲ.

ಕಂಟ್ರಾಕ್ಟರೆಲ್ಲ ಕಳ್ಳರು ಅಂತ ನಾನು ಹೇಳಲ್ಲ, ದಯವಿಟ್ಟು ಹಂಗೆ ಓದ್ಕೋಬೇಡಿ. ನಾನು ಕಲ್ತಿದ್ದೆಲ್ಲಾ ಅವ್ರ ಮೇಸ್ತ್ರಿಗಳಿಂದಾನೇ. ಒಬ್ರು ಹಳೇ ಮೇಸ್ತ್ರಿ ಇದ್ರು, ಮಳವಳ್ಳಿ ಕಡೆಯೋರು, ನಾನು ನೋಡೋಕೆ ಬರೋ ಮುಂಚೆನೇ ಎಲ್ಲಾ ಸರಿ ಮಾಡಿಟ್ಟು "ಬನ್ನಿ ಸ್ವಾಮಿ, ನೀವ್ ನೋಡುದ್ರೆ ನಮ್ಗೂ ಧೈರ್ಯ, ಒಂದ್ ಕಣ್ಣಿಗಿಂತ ಎಲ್ಡ್ ಕಣ್ ವಾಸಿ" ಅನ್ನೋರು. ನೋಡೋಕೆ ಒಬ್ಬ ಬರ್ತಾನೆ ಅಂತ ಗೊತ್ತಿದ್ರೆ ಒಳ್ಳೇ ಕೆಲಸಗಾರನಿಗೆ ಮರ್ಯಾದೆ ಸಿಕ್ಕಂಗೆ. ಯಾರೂ ನೋಡಲ್ಲ ಅಂದ್ರೆ ಅವ್ನು ಚೆನ್ನಾಗಿ ಕಟ್ಟಿದ್ದೂ ಕೆಟ್ಟದಾಗಿ ಕಟ್ಟಿದ್ದೂ ಬಿಲ್ಲಲ್ಲಿ ಒಂದೇ ಆಗೋಗುತ್ತೆ.

ಬಸ್ಸಲ್ಲಿ ರೈಲಲ್ಲಿ ಓಡಾಡೋ ನಿಮಗೂ ಒಂದು ವಿಷ್ಯ ಹೇಳ್ಬೇಕು, ತುಂಬಾ ಜನಕ್ಕೆ ಗೊತ್ತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೇಲಿ ಬರೀ ಕಾಗದ ಕೇಳೋ ಹಕ್ಕಲ್ಲ ಇರೋದು. ಅದ್ರ 2ನೇ ಸೆಕ್ಷನ್ನಲ್ಲಿ, ಸಾರ್ವಜನಿಕ ಕೆಲಸಾನ ಹೋಗಿ ಪರಿಶೀಲನೆ ಮಾಡೋದು, ಸಾಮಗ್ರಿಯ ದೃಢೀಕರಿಸಿದ ಸ್ಯಾಂಪಲ್ ಕೇಳೋದು ಕೂಡ ಮಾಹಿತಿ ಹಕ್ಕಿನೊಳಗೇ ಬರುತ್ತೆ ಅಂತ ಬರ್ದಿದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ರ ಕೊಡ್ಬೇಕು. ನಿಮ್ಮೂರಲ್ಲಿ ಬಸ್ ಸ್ಟ್ಯಾಂಡೋ ಓವರ್‌ಬ್ರಿಡ್ಜೋ ಆಗ್ತಿದ್ರೆ ಮೇಲ್ವಿಚಾರಣೆ ಯಾರದ್ದು, ಸೈಟಲ್ಲಿ ಇರ್ಬೇಕಾದ ಇಂಜಿನಿಯರ್‌ಗಳು ಎಷ್ಟು, ಇಂಥ ತಿಂಗ್ಳ ಆರ್‌ಎಫ್‌ಐ ರಿಜಿಸ್ಟರ್, ಕ್ಯೂಬ್ ಟೆಸ್ಟ್ ರಿಜಿಸ್ಟರ್ ಕಾಪಿ ಕೊಡಿ ಅಂತ ಕೇಳಿ. ಸುಮ್ನೆ ಕಿತ್ತಾಡೋಕೆ ಅಲ್ಲ, ಯಾರೋ ಕೇಳ್ತಾರೆ ಅಂತ ಗೊತ್ತಾದ್ರೆ ನನ್ನಂಥ ಇಂಜಿನಿಯರಿಗೆ ಆಗೋ ಸಹಾಯ ಎಷ್ಟು ಅಂತ ನಿಮಗೆ ಗೊತ್ತಿಲ್ಲ, ಮೇಲಿಂದ ಒತ್ತಡ ಬಂದಾಗ ನಮ್ ಬೆನ್ನಿಗೆ ಆಗೋದು ಆ ರಿಜಿಸ್ಟರ್ ಒಂದೇ.

ಅಕ್ಕನ ಮಗನಿಗೆ ಭಾನುವಾರ ನಾನು ಬಾಯಲ್ಲಿ ಹೇಳಿದ್ದು ಕಮ್ಮಿ. ನನ್ನ ಹಳೇ ಬ್ಯಾಗ್ ತೆಗೆದು ಕೊಟ್ಟೆ. ಐದು ಮೀಟರ್ ಟೇಪು, ತೂಕದ ಗುಂಡು, ಟಾರ್ಚು, ವರ್ನಿಯರ್, ಅರ್ಧ ಕೇಜಿ ಸುತ್ತಿಗೆ, ಸೀಮೆಸುಣ್ಣ, ಒಂದು ಉದ್ದನೆ ನೋಟ್‌ಬುಕ್ಕು. ನೋಟ್‌ಬುಕ್ಕಲ್ಲಿ ದಿನಾ ಬರೀಬೇಕು ಅಂದೆ, ಎಷ್ಟೊತ್ತಿಗೆ ಹೋದೆ, ಏನ್ ನೋಡ್ದೆ, ಯಾರಿದ್ರು, ಮಳೆ ಇತ್ತಾ ಬಿಸ್ಲಿತ್ತಾ, ಫೋನಲ್ಲಿ ಫೋಟೋ ತೆಗೆದ್ರೂ ಕೈಯಲ್ಲಿ ಬರೀಬೇಕು. ಮತ್ತೆ ಆ ಬಸ್ಸಿನ ಫೋಟೋ ತೋರಿಸ್ದೆ, ಅದ್ರ ಹಿಂದಿನ ಕತೆ ಅವ್ನಿಗೆ ಅವತ್ತೇ ಗೊತ್ತಾಗಿದ್ದು, ಅವ್ರಮ್ಮಂಗೆ ಬಾಗಿನ ಕೊಡೋಕೆ ಬಂದ ಸಂಜೆ ಅಂತ ಹೇಳ್ದಾಗ ಸುಮ್ನಾಗ್ಬಿಟ್ಟ.

ಇದನ್ನ ಅರ್ಧ ಬರ್ದು ಇಟ್ಟಿದ್ದೆ, ನಿನ್ನೆ ಬೆಳಗ್ಗೆ ಆರೂಕಾಲಿಗೆ ಅವ್ನ ಫೋನು. "ಮಾವ, ಆರ್‌ಎಫ್‌ಐ ಕೈಗೆ ಕೊಟ್ಟವ್ರೆ, ಫೂಟಿಂಗಲ್ಲಿ ರಾತ್ರಿ ಮಳೆ ನೀರು ಮೊಣಕಾಲುದ್ದ ನಿಂತದೆ, ಕೆಳಗೆ ಏನೂ ಕಾಣ್ತಿಲ್ಲ. ನಿನ್ನೇನೆ ಎಲ್ಲಾ ಸರಿ ಇತ್ತು, ಪಂಪ್ ಹಾಕ್ಕೊಂಡೇ ಕಾಂಕ್ರೀಟ್ ಬಿಡ್ತೀವಿ ಸೈನ್ ಮಾಡಿ ಅಂತವ್ರೆ. ಏನ್ ಮಾಡ್ಲಿ?" ಪೂರ್ತಿ ನೀರು ತೆಗೆಸು, ಕೆಸರು ಬಾಚಿಸು, ಆಮೇಲೆ ಇಳಿ, ಅಲ್ಲೀವರ್ಗೂ ಪೆನ್ ತೆಗೀಬೇಡ, ಮಿಕ್ಸರ್ ಗಾಡಿ ಹೊರಟಿದ್ರೆ ಪ್ಲಾಂಟಿಗೆ ಈಗ್ಲೇ ಫೋನ್ ಮಾಡ್ಸು ಅಂದೆ. ಹನ್ನೊಂದು ಗಂಟೆಗೆ ಒಂದು ಫೋಟೋ ಬಂತು, ಮಂಡಿವರ್ಗೂ ಕೆಸರಾಗಿರೋ ಪ್ಯಾಂಟು, ಪಕ್ಕದಲ್ಲಿ ಟೇಪು. ಕೆಳಗೆ ಬರ್ದಿದ್ದ, "ಮಾವ, ಒಂದು ಮೂಲೇಲಿ ಕವರ್ ಬ್ಲಾಕ್ ಎಲ್ಲಾ ಜರುಗಿ ಕಂಬಿ ನೆಲಕ್ಕೆ ತಾಗಿತ್ತು. ಎತ್ತಿಸಿ ಹೊಸದು ಇಡಿಸ್ದೆ." ಮಧ್ಯಾಹ್ನ ಒಂದೂವರೆಗೆ ಕಾಂಕ್ರೀಟ್ ಶುರು ಆಯ್ತಂತೆ.